ಮಾಟುಂಗಾದಲ್ಲಿ ಸಿಕ್ಕ ಆ ಅಕ್ಕನಿಗೆ ತುಂಬಾ ಥ್ಯಾಂಕ್ಸ್

ಹೋದ ಭಾನುವಾರ ಮುಂಬೈನ ಮಾಟುಂಗಾ ಮೈಸೂರ್ ಅಸೋಸಿಯೇಷನ್‌ನಲ್ಲಿ ಪ್ರೋಗ್ರಾಂ ಶುರುವಾಗೋ ಮುಂಚೆ ನಮ್ ಪಕ್ಕ ಕೂತಿದ್ದ ಅಕ್ಕ, ನಿಮ್ ಹೆಸರು ಗೊತ್ತಿಲ್ಲ, ಆದ್ರೆ ಮನಸ್ಸಾರೆ ಥ್ಯಾಂಕ್ಸ್. ಒಂದನೇ ಕ್ಲಾಸಿನ ನನ್ ಮಗಳು ಇಂಗ್ಲಿಷಲ್ಲಿ ಕ್ಯಾಟ್, ಪಿನ್ ಎಲ್ಲಾ ಸಲೀಸಾಗಿ ಓದ್ತಾಳೆ, ಬರ್ಡ್ ಬಂದ್ರೆ ಮಾತ್ರ ಒಂದೊಂದೇ ಅಕ್ಷರ ಬಿಡಿಸಿ 'ಬಿರ್ಡ್' ಅಂತಾಳೆ. ನೀವು ಅದನ್ನ ಕೇಳಿಸ್ಕೊಂಡು, ಕೈಲಿದ್ದ ಇನ್ವಿಟೇಷನ್ ಹಿಂದೆ ಪೆನ್ಸಿಲಲ್ಲಿ ಬರ್ಡ್ ಅಂತ ಬರೆದು, ಐ ಆರ್ ಎರಡಕ್ಕೂ ಸೇರಿಸಿ ಒಂದೇ ಸುತ್ತು ಹಾಕಿ, "ಪುಟ್ಟಾ, ಇವೆರಡು ಜೋಡಿ, ಬಿಡಿಸ್ಬಾರ್ದು, ಸೇರಿ ಒಂದೇ ಸೌಂಡು" ಅಂದ್ರಲ್ಲ, ಅವಳ ಮುಖ ಅರಳಿದ್ದು ನೋಡ್ಬೇಕಿತ್ತು.

ಆರ್ ಸೇರೋ ಇಂಥ ಜೋಡಿಗಳನ್ನ ಯಾವ ಕ್ರಮದಲ್ಲಿ ಕಲಿಸ್ಬೇಕು ಅಂತಾನೂ ಹೇಳಿದ್ರಿ: ಮೊದ್ಲು ಎ ಆರ್, ಅಂದ್ರೆ ಕಾರ್, ಸ್ಟಾರ್. ಆಮೇಲೆ ಒ ಆರ್, ಫೋರ್ಕ್, ಕಾರ್ನ್. ಇವು ಗಟ್ಟಿಯಾದ್ಮೇಲೇ ಇ ಆರ್, ಐ ಆರ್, ಯು ಆರ್ ಹಿಡೀರಿ, ಹರ್, ಬರ್ಡ್, ನರ್ಸ್ ಮೂರಕ್ಕೂ ಸೌಂಡ್ ಒಂದೇ ಆಗಿರೋದ್ರಿಂದ ಓದೋದು ಸುಲಭ, ಸ್ಪೆಲ್ಲಿಂಗ್ ನಿಧಾನಕ್ಕೆ ಬರುತ್ತೆ ಅವಸರ ಬೇಡ ಅಂದ್ರಿ. ಡಬ್ಲ್ಯೂ ಆದ್ಮೇಲೆ ಒ ಆರ್ ಬಂದ್ರೆ ಹೆಚ್ಚಾಗಿ ಸೌಂಡ್ ಬದಲಾಗುತ್ತೆ, ವರ್ಕ್, ವರ್ಮ್ ಥರ, ಅದನ್ನ ಕೊನೆಗಿಟ್ಕೊಳ್ಳಿ ಅಂದ್ರಿ. ಇಂಗ್ಲಿಷ್ ಕಲಿಸೋ ವಿಡಿಯೋದಲ್ಲಿ ಅಮೆರಿಕದವರು ಆರ್ ಅನ್ನ ಚೆನ್ನಾಗಿ ಕೇಳ್ಸೋ ಹಾಗೆ ಹೇಳ್ತಾರೆ, ಲಂಡನ್ ಕಡೆಯ ಇಂಗ್ಲಿಷಲ್ಲಿ ಕಾರ್ ಅಂದಾಗ ಕೊನೆಯ ಆರ್ ಕೇಳ್ಸೋದೇ ಇಲ್ಲ ಅನ್ನೋದನ್ನೂ ಬಿಡಿಸಿ ಹೇಳಿದ್ರಿ, ನಮ್ಗೆ ಇದೇ ದೊಡ್ಡ ಗೊಂದಲ ಆಗಿತ್ತು.

ಈಗ ಲೋಕಲ್ ಟ್ರೇನಲ್ಲಿ ಫಸ್ಟ್ ಕ್ಲಾಸ್ ಡಬ್ಬಿ ಕಂಡ್ರೆ "ಅಮ್ಮಾ, ಐ ಆರ್ ಜೋಡಿ!" ಅಂತ ಕೂಗ್ತಾಳೆ. ಅಕ್ಕ, ಮುಂದಿನ ಪ್ರೋಗ್ರಾಂಗೆ ಖಂಡಿತ ಬನ್ನಿ, ಅವಳು ನಿಮ್ಗೆ ಓದಿ ತೋರಿಸ್ಬೇಕಂತೆ.