ಹುಡುಕುವ ಜಾಗಕ್ಕೆ ‘ಅಡಕೆ’ಯೂ ಗೊತ್ತಿರಲಿ

ಮಾನ್ಯ ಸಂಪಾದಕರೇ,

ಕಳೆದ ಜುಲೈನ ಒಂದು ಮಧ್ಯಾಹ್ನ. ನಾಲ್ಕು ದಿನದಿಂದ ಬಿಡದೆ ಹೊಯ್ಯುತ್ತಿದ್ದ ಮಳೆ ಸ್ವಲ್ಪ ಹೊಳವಾಗಿತ್ತು. ಮಾರನೇ ದಿನ ಬರುತ್ತೇನೆ ಎಂದು, ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಹೇಳಿ ಕಳಿಸಿದ್ದ. ಎರಡನೇ ಸಲದ ಬೋರ್ಡೋಗೆ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ಅಂಟು ಎಷ್ಟು ಬೆರೆಸಬೇಕು ಎಂದು ನೋಡಲು ಅಪ್ಪ ಫೋನು ಹಿಡಿದು ಜಗಲಿಯಲ್ಲಿ ಕೂತರು. ರೈತರಿಗೆಂದೇ ಮಾಡಿರುವ ಒಂದು ಜಾಲತಾಣದಲ್ಲಿ ‘ಅಡಕೆ ಕೊಳೆರೋಗ’ ಎಂದು ಹಾಕಿದರು. ಚಕ್ರ ತಿರುಗಿತು, ಪುಟ ಬೆಳ್ಳಗಾಯಿತು, ‘ಯಾವುದೇ ಫಲಿತಾಂಶ ಇಲ್ಲ’ ಎಂದು ಬಂತು. ಇನ್ನೊಂದು ಸಲ ಹಾಕಿದರು. ಅದೇ ಉತ್ತರ. “ಇವರ ಹತ್ರ ನಮ್ಮ ಬೆಳೆ ಬಗ್ಗೆ ಏನೂ ಇಲ್ಲ ಮಾರಾಯ್ತಿ” ಎಂದು ಫೋನು ಪಕ್ಕಕ್ಕಿಟ್ಟರು.

ಇತ್ತು. ಫೋಟೋ ಸಮೇತ ಒಳ್ಳೆಯ ಲೇಖನವೇ ಇತ್ತು. ಆದರೆ ಅದನ್ನು ಬರೆದವರು ‘ಅಡಿಕೆ’ ಎಂದಿದ್ದರು, ‘ಕೊಳೆ ರೋಗ’ ಎಂದು ಬಿಡಿಸಿದ್ದರು. ಒಂದು ಗುಡಿಸು, ಒಂದು ಖಾಲಿ ಜಾಗ. ಅಷ್ಟೇ ವ್ಯತ್ಯಾಸ.

ಜಾಲತಾಣ ಕಟ್ಟುವುದೇ ನನ್ನ ಕೆಲಸ. ಎಂಟು ವರ್ಷ ಬೆಂಗಳೂರಿನಲ್ಲಿದ್ದೆ, ಈಗ ಊರಿಂದಲೇ ಮಾಡುತ್ತೇನೆ. ಹಾಗಾಗಿ ಇದು ಎಷ್ಟು ಸಣ್ಣ ಕೆಲಸ ಎಂದು ಗೊತ್ತಿದ್ದೇ ಈ ಪತ್ರ ಬರೆಯುತ್ತಿದ್ದೇನೆ. ಅಪ್ಪ ‘ಅಡ’ ಎಂದು ಒತ್ತುವಾಗಲೇ ಕೆಳಗೆ ‘ಅಡಿಕೆ: ಕೊಳೆ ರೋಗ’, ‘ಅಡಿಕೆ: ಎಲೆಚುಕ್ಕಿ’ ಎಂದು ಸಾಲಾಗಿ ಬಂದಿದ್ದರೆ ಅವರು ಬೆರಳು ಇಟ್ಟು ಮುಂದೆ ಹೋಗುತ್ತಿದ್ದರು. ಪೂರ್ತಿ ಪುಟ ಮತ್ತೆ ತೆರೆಯಬೇಕಿಲ್ಲ. ಒತ್ತಿದಷ್ಟು ಅಕ್ಷರ ತೆರೆಮರೆಯಲ್ಲೇ ಜಾಲತಾಣದ ಸರ್ವರ್ ಕಂಪ್ಯೂಟರಿಗೆ ಹೋಗುತ್ತದೆ, ಪುಟ್ಟದೊಂದು ಪಟ್ಟಿ ವಾಪಸ್ ಬರುತ್ತದೆ. ಗೂಗಲ್ ಇದನ್ನು 2004ರಲ್ಲೇ ಪ್ರಯೋಗಕ್ಕೆ ಬಿಟ್ಟಿತ್ತು, 2008ರಲ್ಲಿ ಎಲ್ಲರಿಗೂ ಕೊಟ್ಟಿತು. ನಮ್ಮ ಕನ್ನಡದ ಎಷ್ಟೋ ಜಾಲತಾಣಗಳಿಗೆ ಇನ್ನೂ ಬಂದಿಲ್ಲ ಎಂದರೆ ಹೇಗೆ?

ಆದರೆ ಇಂಗ್ಲಿಷಿಗೆ ಮಾಡಿದ್ದನ್ನು ಹಾಗೇ ತಂದು ಕೂರಿಸಿದರೆ ಆಗುವುದಿಲ್ಲ. ‘ಬರಹ’ ತಂತ್ರಾಂಶದ ರೀತಿಯಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಯುವಾಗ ‘ಅಡಕೆ’ ಮೂಡುವ ಮೊದಲು ‘ಅಡ್’ ಬರುತ್ತದೆ, ‘ಅಡಕ್’ ಬರುತ್ತದೆ. ಆ ಅರ್ಧಾಕ್ಷರವನ್ನೇ ಹುಡುಕಿದರೆ ಏನೂ ಸಿಗುವುದಿಲ್ಲ. ಪಟ್ಟಿ ಬಂದು ಬಂದು ಮಾಯವಾಗುತ್ತದೆ. ಕೊನೆಯಲ್ಲಿ ಹಲಂತದ ಗುರುತು (್) ಇದ್ದರೆ ಅದನ್ನು ಬಿಟ್ಟು ಹುಡುಕಬೇಕು. ಬರೆಯುವ ಕೈ ಒಂದು ಕ್ಷಣ ನಿಂತ ಮೇಲೆ ಹುಡುಕಬೇಕು. ಇನ್ನೊಂದಿದೆ. ‘ಕೊಳೆ’ಯ ‘ಕೊ’ ನೋಡಿ. ಅದರ ಒತ್ವವನ್ನು ಕಂಪ್ಯೂಟರು ಒಂದೇ ಗುರುತಾಗಿ ಇಟ್ಟುಕೊಳ್ಳಬಹುದು, ಅಥವಾ ಎತ್ವ ಬೇರೆ, ಕೊಂಬಿನ ದೀರ್ಘ ಬೇರೆ ಎಂದು ಎರಡಾಗಿಯೂ ಇಟ್ಟುಕೊಳ್ಳಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಎರಡೂ ಬೇರೆ. ಹುಡುಕುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕು. ಇದಕ್ಕೆ, ಅಕ್ಷರಗಳಿಗೆ ಕಂಪ್ಯೂಟರಿನಲ್ಲಿ ಗುರುತು ಕೊಡುವ ಯೂನಿಕೋಡಿನಲ್ಲೇ ನಿಯಮ ಇದೆ, ಒಂದು ಸಾಲಿನ ಕೆಲಸ. ಮಾಡದೆ ಬಿಟ್ಟಿದ್ದನ್ನು ನಾನೇ ಎಷ್ಟೋ ಕಡೆ ನೋಡಿದ್ದೇನೆ.

ಕನ್ನಡದಲ್ಲಿ ಇದು ಆಗುವುದಿಲ್ಲ ಎನ್ನುವವರು ‘ಅಲರ್’ ನಿಘಂಟು ತೆರೆದು ನೋಡಲಿ. ವಿ. ಕೃಷ್ಣ ಅವರು ನಾಲ್ಕು ದಶಕ ಒಬ್ಬರೇ ಕೂತು ಸೇರಿಸಿದ ಒಂದೂವರೆ ಲಕ್ಷಕ್ಕೂ ಜಾಸ್ತಿ ಪದಗಳು 2019ರಲ್ಲಿ ಎಲ್ಲರಿಗೂ ಬಿಟ್ಟಿಯಾಗಿ ಸಿಕ್ಕವು. ಅಲ್ಲಿ ಕಾಗುಣಿತ ಸ್ವಲ್ಪ ತಪ್ಪಿದರೂ ಉಚ್ಚಾರದ ಮೇಲೆ ಪದ ಹುಡುಕಿಕೊಡುತ್ತದೆ. ಕನ್ನಡದ ಉಚ್ಚಾರ ಹೊಂದಿಸುವ ಆ ಪ್ರೋಗ್ರಾಂ ಕೂಡ ಯಾರು ಬೇಕಾದರೂ ತೆಗೆದುಕೊಳ್ಳುವ ಹಾಗಿದೆ.

ಕೊಳೆರೋಗ ಎಂಬ ಹೆಸರು ಸಾಮಾನ್ಯದ್ದಲ್ಲ. ಮೈಸೂರು ಸಂಸ್ಥಾನದಲ್ಲಿ ಕೆಲಸಕ್ಕಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗದ ಬಗ್ಗೆ ಇಂಗ್ಲಿಷಿನಲ್ಲಿ ಬರೆದಾಗಲೂ ಕೊಳೆರೋಗ ಎಂದೇ ಕರೆದರು. ಇವತ್ತಿಗೂ ಇಂಗ್ಲಿಷಿನಲ್ಲಿ ಅದೇ ಹೆಸರು ನಡೆಯುತ್ತದೆ. ನಮ್ಮ ತೋಟದಿಂದ ಅಲ್ಲಿಗೆ ಹೋದ ಮಾತು ನಮ್ಮದೇ ಜಾಲತಾಣದಲ್ಲಿ ಸಿಗದಿದ್ದರೆ ಬೇಜಾರಾಗುತ್ತದೆ, ಅಲ್ವಾ?

ಮಲೆನಾಡಿನ ನೆಟ್‌ವರ್ಕ್ ನೆನಪಿಟ್ಟುಕೊಂಡೇ ಮಾಡಬೇಕು ಎಂಬುದು ನನ್ನ ಇನ್ನೊಂದು ಕೋರಿಕೆ. ಪಟ್ಟಿಯಲ್ಲಿ ಬರೀ ಅಕ್ಷರ ಸಾಕು, ಸುಮ್ನೆ ಫೋಟೋ ತುಂಬಿಸುವುದು ಬೇಡ. ಸಿಗ್ನಲ್ ಸತ್ತು ಪಟ್ಟಿ ಬರದೇ ಹೋದರೂ ‘ಹುಡುಕು’ ಒತ್ತಿದರೆ ಕೆಲಸ ಆಗಬೇಕು. ಬೆಳೆ, ತಿಂಗಳು ಎಂದು ಆರಿಸಿಕೊಳ್ಳುವ ಗುಂಡಿಗಳಿದ್ದರೆ ಇನ್ನೂ ಒಳ್ಳೆಯದು. ಅವನ್ನು ಒತ್ತಿದಾಗ, ಮೊದಲೇ ಹಾಕಿದ ಪದ ಅಳಿಸಿ ಹೋಗಬಾರದು. ಅಪ್ಪನ ಹಾಗೆ ಒಂದೇ ಬೆರಳಲ್ಲಿ ಒತ್ತುವವರಿಗೆ ಅದೇ ಪದ ಮೂರನೇ ಸಲ ಹಾಕುವಷ್ಟು ತಾಳ್ಮೆ ಇರುವುದಿಲ್ಲ.

ಎಲ್ಲಕ್ಕಿಂತ ಮುಖ್ಯ, ಏನೂ ಸಿಗದೆ ವಾಪಸ್ ಹೋದ ಹುಡುಕಾಟಗಳನ್ನು ಬರೆದಿಟ್ಟುಕೊಳ್ಳಿ. ಯಾರು ಹುಡುಕಿದರು ಎಂಬುದು ಬೇಡ, ಪದ ಮಾತ್ರ. ತಿಂಗಳಿಗೊಮ್ಮೆ ಯಾರಾದರೂ ಕೂತು ಅದನ್ನು ಓದಲಿ. ಜನ ‘ಮೈಲುತುತ್ತ’ ಎನ್ನುತ್ತಾರೆ, ಲೇಖನದಲ್ಲಿ ‘ಕಾಪರ್ ಸಲ್ಫೇಟ್’ ಇರುತ್ತದೆ. ‘ಬೋರ್ಡೋ’, ‘ಬೋರ್ಡೊ’, ಎಲೆ ‘ಚುಕ್ಕಿ’, ಎಲೆ ‘ಚುಕ್ಕೆ’ ಎಲ್ಲ ಹೀಗೆಯೇ.

ಇಂಥ ಮಾತುಗಳನ್ನು ಅಪ್ಪನ ಹತ್ತಿರ, ಕೊನೆಗಾರನ ಹತ್ತಿರ ಕೇಳಿ ನಾನು ಬರೆದಿಡುತ್ತಿದ್ದೇನೆ. ಈಗಾಗಲೇ ನೋಟ್‌ಬುಕ್ಕಿನ ಎರಡು ಪುಟ ತುಂಬಿದೆ. ರೈತರ ಜಾಲತಾಣ ನಡೆಸುವವರು ಯಾರೇ ಕೇಳಿದರೂ ಕೊಡುತ್ತೇನೆ, ಕೂರಿಸಿಯೂ ಕೊಡುತ್ತೇನೆ. ಮುಂದಿನ ಮಳೆಗಾಲಕ್ಕೆ ಮೊದಲು ಕೇಳಲಿ.

– ಅಡಕೆ ಬೆಳೆಗಾರರೊಬ್ಬರ ಮಗಳು, ಸಾಗರ ತಾಲ್ಲೂಕು