ಕನ್ಸರ್ವೆನ್ಸಿ ಸಂದಿಗೆ ಬೀಗ ಬೇಡ

ಮಾನ್ಯ ಸಂಪಾದಕರೇ,

ಮಲ್ಲೇಶ್ವರ ಅಂದ್ರೆ ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ ಎಲ್ಲರಿಗೂ ಗೊತ್ತು. ಮನೆಗಳ ಹಿಂದೆ ಹಾದುಹೋಗುವ ಕನ್ಸರ್ವೆನ್ಸಿ ಸಂದಿಗಳು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ನಮ್ಮ ಹಿತ್ತಿಲಾಚೆಯ ಸಂದಿಗೆ ಎರಡೂ ತುದಿಯಲ್ಲಿ ಗೇಟ್ ಹಾಕಿ ಬೀಗ ಜಡಿಯಬೇಕೆಂದು ಅಕ್ಕಪಕ್ಕದ ಕೆಲವರು ಸಹಿ ಕೇಳುತ್ತಿದ್ದಾರೆ. ನಾನು ಹಾಕಲಿಲ್ಲ.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯಲ್ಲಿ ಮನೆಗೆ ಮನೆ ಅಂಟಿಕೊಂಡಿತ್ತು. ಗಾಳಿ ಬೆಳಕು ಆಡುವ ಬಡಾವಣೆ ಬೇಕೆಂದು, ಮೊದಲೇ ಯೋಜಿಸಿದ್ದ ಮಲ್ಲೇಶ್ವರ, ಬಸವನಗುಡಿಗಳನ್ನು ಬೆಳೆಸಿದರು. ಎರಡು ಸಾಲು ಮನೆಗಳ ನಡುವೆ ಸಂದಿ ಬಿಟ್ಟರು. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಅದರ ಬಗ್ಗೆ ನಮ್ಮ ಮನೆಗಳಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಆಗ ಒಳಚರಂಡಿ ಇರಲಿಲ್ಲ. ಮಲ ಹೊರುವವರು ಮುಂಬಾಗಿಲ ಕಡೆ ಸುಳಿಯಬಾರದು, ಹಿಂದಿನಿಂದಲೇ ಬಂದು ಹೋಗಬೇಕು ಅನ್ನುವುದು ಕಟ್ಟಳೆ.

ನಮ್ಮ ಸಂದಿಯ ಒಂದು ಹಳೇ ಮನೆಯ ಹಿಂಗೋಡೆಯಲ್ಲಿ, ನೆಲದಿಂದ ಗೇಣುದ್ದ ಮೇಲೆ, ಆ ಕಾಲದ ಕಿಂಡಿ ಇನ್ನೂ ಇದೆ. ಇಟ್ಟಿಗೆ ತುಂಬಿ ಮುಚ್ಚಿದ್ದಾರೆ. ಕಲ್ಲಿನ ಚೌಕಟ್ಟು ಮಾತ್ರ ಹಾಗೇ ಉಳಿದಿದೆ. ಕೆಳಗಿನ ಕಲ್ಲಿನ ಅಂಚು ನಡುವೆ ಸವೆದು ತಗ್ಗಾಗಿದೆ, ಕೈಯಾಡಿಸಿದರೆ ನುಣುಪು. ಕಕ್ಕಸಿನ ಮಲದ ಬಕೆಟ್ಟನ್ನು ಆ ಕಿಂಡಿಯಿಂದ ಹೊರಗೆ ಎಳೆದೂ ಎಳೆದೂ ಆದ ತಗ್ಗು ಅದು. ತಲೆ ಮೇಲೆ ಮಲ ಹೊರುವುದನ್ನು 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ನಿಷೇಧಿಸಿದರು. ಮೊಮ್ಮಕ್ಕಳಿಗೆ ಆ ಕಲ್ಲು ತೋರಿಸಿಯೇ ನಾನು ಇದನ್ನೆಲ್ಲ ಹೇಳಿದ್ದೇನೆ. ಈ ಊರನ್ನು ಶುಚಿಯಾಗಿ ಇಟ್ಟವರು ಯಾರು, ಅವರನ್ನು ನಾವು ಹೇಗೆ ನಡೆಸಿಕೊಂಡೆವು ಅನ್ನುವುದು ಮಕ್ಕಳಿಗೆ ಗೊತ್ತಿರಬೇಕು, ಅಲ್ವಾ?

ಒಳಚರಂಡಿ ಬಂದ ಮೇಲೆ ಸಂದಿ ನಮ್ಮೆಲ್ಲರದಾಯಿತು. ಎಂಟನೇ ಕ್ರಾಸಿನ ಮಾರುಕಟ್ಟೆಗೆ ನನಗೆ ಇದೇ ಹತ್ತಿರದ ದಾರಿ. ಹಿತ್ತಿಲ ಬಾಗಿಲಲ್ಲಿ ನಿಂತು ಕರಿಬೇವು, ಹೆಪ್ಪಿಗೆ ಮೊಸರು ಕೊಟ್ಟು ತೆಗೆದುಕೊಳ್ಳುತ್ತೇವೆ. ಮುಂದಿನ ಗೇಟಿನಲ್ಲಿ ಆಡದ ಮಾತೆಲ್ಲ ಇಲ್ಲಿ ಬರುತ್ತದೆ. ಎದುರು ಮನೆಯಾಕೆ ಮಗಳ ಮದುವೆ ಮುರಿದದ್ದನ್ನು ನನಗೆ ಹೇಳಿದ್ದು ಒಗೆಯೋ ಕಲ್ಲಿನ ಹತ್ತಿರ ನಿಂತು.

ಗೇಟ್ ಕೇಳುವವರ ಕಷ್ಟ ಸುಳ್ಳಲ್ಲ. ಮನೆ ಒಡೆದ ಮಣ್ಣು, ಟೈಲ್ಸ್ ಚೂರು ತಂದು ಸುರಿಯುತ್ತಾರೆ. ಕತ್ತಲಾದರೆ ಕುಡಿಯುವವರು ಬಂದು ಕೂರುತ್ತಾರೆ. ಆದರೆ ಬೀಗ ಬಿದ್ದರೆ ಕಸ ಇನ್ನೂ ಜಾಸ್ತಿಯಾಗುತ್ತದೆ, ಯಾಕೆಂದರೆ ನೋಡುವವರೇ ಇರುವುದಿಲ್ಲ. ಒಂದೊಂದೇ ಕಾಂಪೌಂಡು ಮುಂದಕ್ಕೆ ಸರಿದು, ಕೊನೆಗೆ ಸಂದಿಯೇ ಇಲ್ಲದಂತಾಗುತ್ತದೆ. ಒಳಚರಂಡಿ ಪೈಪು ಹೋಗಿರುವುದೂ ಇದರ ಅಡಿಯಲ್ಲೇ. ಮ್ಯಾನ್‌ಹೋಲ್ ಕಟ್ಟಿಕೊಂಡ ದಿನ ಬೀಗದ ಕೈ ಯಾರ ಹತ್ತಿರ ಹುಡುಕುವುದು? ಎಲ್ಲಕ್ಕಿಂತ ಮುಖ್ಯವಾಗಿ, ಇದು ಸಾರ್ವಜನಿಕರ ಜಾಗ. ಬೀಗ ಹಾಕಲು ನಾವು ಯಾರು?

ಮಲ್ಲೇಶ್ವರದಲ್ಲೇ ಬೇರೆ ಕೆಲವು ಕನ್ಸರ್ವೆನ್ಸಿ ಸಂದಿಗಳನ್ನು ಚೊಕ್ಕ ಮಾಡಿ, ಗೋಡೆಗೆ ಚಿತ್ರ ಬರೆದು, ಜನ ಓಡಾಡುವ ಹಾಗೆ ಮಾಡಿದ್ದಾರೆ. ನಮಗೆ ಚಿತ್ರ ಇಲ್ಲದಿದ್ದರೂ ನಡೆಯುತ್ತದೆ. ನಗರಪಾಲಿಕೆಯವರು ಕಟ್ಟಡದ ಮಣ್ಣು ಎತ್ತಿಸಿ, ಕಿತ್ತುಹೋದ ಚಪ್ಪಡಿ ಕಲ್ಲು ಕೂರಿಸಿ, ಸಂಜೆ ಹೆಂಗಸರು ಅಂಜದೆ ನಡೆಯುವಷ್ಟು ದೀಪ ಹಾಕಿಸಲಿ. ಸಂದಿಯ ಅಗಲ ಅಳೆದು, ಎರಡೂ ತುದಿಯಲ್ಲಿ ಬೋರ್ಡ್ ಬರೆಸಲಿ. ಹಳೇ ಮನೆ ಒಡೆಯಲು ಅನುಮತಿ ಕೊಡುವಾಗ ಹಿಂಗೋಡೆಯ ಇಂಥ ಕಿಂಡಿಗಳ ಫೋಟೊ ತೆಗೆದಿಡಲಿ. ಮಳೆಗಾಲಕ್ಕೆ ಮುಂಚೆ ಮಣ್ಣು ಎತ್ತಿಸಿದರೆ ಚರಂಡಿ ಕಟ್ಟಿಕೊಂಡು ನಮ್ಮ ಹಿತ್ತಿಲಿಗೆ ನೀರು ನುಗ್ಗುವುದೂ ತಪ್ಪುತ್ತದೆ.

– ನಿವೃತ್ತ ಶಿಕ್ಷಕಿ, ಮಲ್ಲೇಶ್ವರ, ಬೆಂಗಳೂರು