ಗೋಪುರಕ್ಕೆ ಮೊದಲು ಹೆಡಿಗೆಯಿತ್ತು

ಮಂಗಳೂರು,
ಆಟಿ ತಿಂಗಳು

ಚಿರಂಜೀವಿ ಪುಟ್ಟಿಗೆ ಅಜ್ಜನ ಆಶೀರ್ವಾದಗಳು.

ಹಳೆಯ ಕಾಂಕ್ರೀಟ್ ಕಟ್ಟಡಗಳ ಬಗ್ಗೆ ಕಾಲೇಜಿಗೆಂದು ನೀನು ಬರೆದದ್ದನ್ನು ಎರಡು ಸಲ ಓದಿದೆ. ಸುರತ್ಕಲ್‌ನಲ್ಲಿ ಕುಳಿತು ಅಮೆರಿಕದ ವೆಸ್ಟ್ ವರ್ಜೀನಿಯಾದ ಥರ್ಮಂಡ್ ಊರಿನಲ್ಲಿ ಉಗಿ ಇಂಜಿನ್ನಿಗೆ ಕಲ್ಲಿದ್ದಲು ತುಂಬಿಸುತ್ತಿದ್ದ ಗೋಪುರವನ್ನೇ ಆರಿಸಿಕೊಂಡೆಯಲ್ಲ, ನನ್ನ ಹಳೆಯ ಕಸುಬು ನಿನ್ನ ನೆನಪಿನಲ್ಲಿದೆ ಎಂದು ಖುಷಿಯಾಯಿತು. ಆದರೆ ನಾಲ್ಕನೆಯ ಪುಟದ ಒಂದು ವಾಕ್ಯ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದಕ್ಕೇ ಈ ಕಾಗದ.

ಗೋಪುರದ ವಿವರಣೆ ಚೆನ್ನಾಗಿದೆ. ವ್ಯಾಗನ್ನಿನ ತಳ ತೆರೆದರೆ ಕಲ್ಲಿದ್ದಲು ಹಳಿಯ ಕೆಳಗಿನ ಗುಂಡಿಗೆ ಬೀಳುತ್ತದೆ, ಅಲ್ಲಿಂದ ಯಂತ್ರದ ತೊಟ್ಟಿ ಅದನ್ನು ಮೇಲಕ್ಕೆ ಎತ್ತುತ್ತದೆ, ಇಂಜಿನ್ ಬಂದು ಕೆಳಗೆ ನಿಂತಾಗ ಕಲ್ಲಿದ್ದಲು ಜಾರಿ ಬರುವ ದೋಣಿಯನ್ನು ಇಳಿಸಿದರೆ ಸಾಕು, ಟೆಂಡರ್, ಅಂದರೆ ಇಂಜಿನ್ನಿನ ಬೆನ್ನಿಗಿರುವ ಕಲ್ಲಿದ್ದಲಿನ ಗಾಡಿ, ತುಂಬುತ್ತದೆ. ಎತ್ತುವ ಕೆಲಸ ಮೊದಲೇ ಮುಗಿದಿರುತ್ತದೆ, ಇಂಜಿನ್ ಕಾಯುವುದಿಲ್ಲ. ಇಷ್ಟನ್ನು ಸರಿಯಾಗಿ ಹಿಡಿದಿದ್ದೀ. ಕಾಂಕ್ರೀಟ್ ಏಕೆ ಎಂಬುದನ್ನು ಮಾತ್ರ ಬಿಟ್ಟಿದ್ದೀ. ಅದಕ್ಕಿಂತ ಮೊದಲು ಅಲ್ಲಿ ಇದನ್ನೆಲ್ಲ ಮರದಲ್ಲಿ ಕಟ್ಟುತ್ತಿದ್ದರು. ಕೆಂಡ ಉಗುಳುವ ಇಂಜಿನ್ನುಗಳ ನಡುವೆ, ರಾಶಿ ಹಾಕಿದರೆ ತಾನಾಗಿಯೇ ಕಾವೇರುವ ಕಲ್ಲಿದ್ದಲನ್ನು ಹೊಟ್ಟೆಯಲ್ಲಿಟ್ಟುಕೊಂಡ ಮರದ ಕಟ್ಟಡ ಎಷ್ಟು ದಿನ ಬಾಳೀತು? ಸುಟ್ಟು ಸುಟ್ಟು ಬುದ್ಧಿ ಬಂತು.

ಇನ್ನು ಆ ವಾಕ್ಯ. ‘ತಾಂತ್ರಿಕವಾಗಿ ಹಿಂದುಳಿದಿದ್ದ ಕಾರಣ ನಮ್ಮ ಕಡೆ ಇಂಥ ಗೋಪುರಗಳು ಬರಲಿಲ್ಲ’ ಎಂದು ಬರೆದಿದ್ದೀ. ಅದನ್ನು ಹೊಡೆದುಹಾಕು ಮಗಳೇ.

1907ರಲ್ಲಿ ಮಂಗಳೂರಿಗೆ ರೈಲು ತಂದವರಿಗೆ ನೇತ್ರಾವತಿಗೆ ಸೇತುವೆ ಹಾಕಲು ಗೊತ್ತಿತ್ತು. ಅಂಥವರಿಗೆ ಒಂದು ತೊಟ್ಟಿಯನ್ನು ಎತ್ತರದಲ್ಲಿ ನಿಲ್ಲಿಸಲು ಬರುತ್ತಿರಲಿಲ್ಲವೇ? ನಮ್ಮ ಮಾರ್ಗದಲ್ಲಿ ಅಷ್ಟು ಇಂಜಿನ್ನುಗಳು ಓಡುತ್ತಿರಲಿಲ್ಲ ಎಂಬುದು ಒಂದು ಕಾರಣ, ಒಪ್ಪುತ್ತೇನೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಕಾರಣ, ಇಲ್ಲಿ ಸಿಮೆಂಟಿಗಿಂತ ತಲೆ ಅಗ್ಗವಾಗಿತ್ತು.

ನಾನು ಇಂಜಿನ್ ಒರೆಸುವ ಖಲಾಸಿಯಾಗಿ ಸೇರಿದ್ದು 1968ರಲ್ಲಿ. ಅದೇ ವರ್ಷ ಆಗಸ್ಟಿನಲ್ಲಿ ಇಂಗ್ಲೆಂಡಿನವರು ತಮ್ಮ ಮುಖ್ಯ ಮಾರ್ಗಗಳಲ್ಲಿ ಉಗಿ ಇಂಜಿನ್ನಿಗೆ ವಿದಾಯ ಹೇಳಿದರು. ಅವರಲ್ಲಿಯೂ ಕಾಂಕ್ರೀಟ್ ಗೋಪುರಗಳಿದ್ದವು. ಕೆಲವು ಇಡೀ ವ್ಯಾಗನ್ನನ್ನೇ ಎತ್ತಿ ಮೇಲೆ ಕವುಚಿಹಾಕುತ್ತಿದ್ದವಂತೆ. ನಮ್ಮ ಕಲ್ಲಿದ್ದಲು ಕಟ್ಟೆಯಲ್ಲಿ ಇದ್ದದ್ದು ಒಂದು ಓರೆ ಹಲಗೆ, ಹತ್ತಿಪ್ಪತ್ತು ಹೆಡಿಗೆ, ಅವನ್ನು ಹೊರುವ ಹೆಂಗಸರು. ಗಂಡಸರು ವ್ಯಾಗನ್ನಿನಿಂದ ಸಲಿಕೆಯಲ್ಲಿ ಎಳೆದು ತುಂಬಿಸುತ್ತಿದ್ದರು, ಇವರು ತಲೆಯ ಮೇಲೆ ಸಿಂಬೆ ಇಟ್ಟು ಹೊತ್ತು ಹಲಗೆ ಏರಿ ಟೆಂಡರಿಗೆ ಸುರಿಯುತ್ತಿದ್ದರು. ಆಟಿಯ ಮಳೆಯಲ್ಲಿ ಕಲ್ಲಿದ್ದಲು ನೀರು ಕುಡಿದು ಭಾರವಾಗುತ್ತಿತ್ತು. ಮಳೆಗೆ ತಲೆಯಿಂದ ಬೆನ್ನಿನವರೆಗೆ ಹೊದೆಯುವ ಎಲೆಯ ಗೊರಬು ಹಾಕಿಕೊಂಡರೆ ತಲೆಯ ಮೇಲೆ ಹೆಡಿಗೆ ಕೂರುವುದಿಲ್ಲ, ಹಾಗಾಗಿ ನೆನೆಯುವುದೇ. ಹೆಡಿಗೆಯ ಸಂದಿನಿಂದ ಇಳಿದ ಕಪ್ಪು ನೀರು ಹಣೆಯಿಂದ ಹುಬ್ಬಿಗೆ, ಹುಬ್ಬಿನಿಂದ ಕಣ್ಣಿಗೆ. ಎರಡೂ ಕೈ ಮೇಲಿರುವಾಗ ಒರೆಸಿಕೊಳ್ಳುವುದು ಹೇಗೆ? ತಲೆ ಕೊಡವುವಂತಿಲ್ಲ. ಹಲಗೆಯ ಮೇಲೆ ಕಣ್ಣು ಮುಚ್ಚಿಯೇ ನಾಲ್ಕು ಹೆಜ್ಜೆ ಇಡುವವರನ್ನು ನಾನು ಟೆಂಡರಿನ ಮೇಲೆ ನಿಂತು ನೋಡಿದ್ದೇನೆ. ಆಗ ನನಗೆ ಇಪ್ಪತ್ತು. ಇಂಜಿನ್ ಹೊರಡಲು ತಡವಾಗುತ್ತದೆ, ಬೇಗ ಬೇಗ ಎಂದು ಕೂಗಿದವನೂ ನಾನೇ.

ಈಗ ಲೆಕ್ಕ ಹಾಕು. 1922ರಲ್ಲಿ ಚೆಸಪೀಕ್ ಅಂಡ್ ಒಹಾಯೊ ರೈಲ್ವೆಯವರು ಕಟ್ಟಿದ ನಿನ್ನ ಗೋಪುರಕ್ಕೆ 500 ಟನ್ ಹಿಡಿಯುತ್ತದೆ. ಅಮೆರಿಕದವರ ಟನ್ ನಮ್ಮದಕ್ಕಿಂತ ಸಣ್ಣದು, ನಮ್ಮ ಲೆಕ್ಕದಲ್ಲಿ ಸುಮಾರು 450 ಎನ್ನು. ಒಂದು ಹೆಡಿಗೆಗೆ 20 ಕಿಲೋ ಎಂದುಕೊಂಡರೂ 22,000ಕ್ಕೂ ಹೆಚ್ಚು ಹೆಡಿಗೆ. ಸಾಮರ್ಥ್ಯವನ್ನು ಟನ್‌ನಲ್ಲಿ ಬರೆದ ಕಡೆಯೇ ಇದನ್ನೂ ಬರೆ. ಎಲ್ಲಾ ಯಂತ್ರದ ವಿಷಯದಲ್ಲಿಯೂ ಹೀಗೆ ಕೇಳುವ ಅಭ್ಯಾಸ ಮಾಡಿಕೊ: ಇದು ಬರುವ ಮೊದಲು ಈ ಕೆಲಸ ಯಾರದಾಗಿತ್ತು, ಅವರಿಗೆ ಏನು ಕೊಡುತ್ತಿದ್ದರು? ಇಂಜಿನಿಯರ್ ಆಗುವವಳಿಗೆ ಕಬ್ಬಿಣದ ದರದಷ್ಟೇ ಕೂಲಿಯ ದರವೂ ಬಾಯಿಗೆ ಬರಬೇಕು.

ಇನ್ನೊಂದು ಮಾತು. ಡೀಸೆಲ್ ಬಂದ ಮೇಲೆ ಥರ್ಮಂಡ್ ಹಾಳುಬಿದ್ದ ಕಥೆಯನ್ನು ಕಣ್ಣೀರು ಬರಿಸುವಂತೆ ಬರೆದಿದ್ದೀ. ಪೇಟೆಯ ಬೀದಿಯ ಜಾಗದಲ್ಲಿ ರೈಲು ಹಳಿಯೇ ಇದ್ದ ಊರು, 2020ರ ಜನಗಣತಿಯಲ್ಲಿ ಉಳಿದದ್ದು ಐದೇ ಜನ. ದುಃಖದ್ದೇ. ಗೋಪುರ ಮಾತ್ರ ನಿಂತಿದೆ, ಅಷ್ಟು ದಪ್ಪದ ಕಾಂಕ್ರೀಟನ್ನು ಒಡೆಯುವ ಖರ್ಚು ಯಾರಿಗೆ ಬೇಕು! ಆದರೆ ನಮ್ಮ ಹಲಗೆ, ಹೆಡಿಗೆ ಒಲೆಗೆ ಹೋದವು. ನಮ್ಮ ಕಡೆಯದಕ್ಕೆ ಫೋಟೋ ತೆಗೆಯಲು ಏನೂ ಇಲ್ಲ, ಹಾಗಾಗಿ ನಿನ್ನ ಬರಹದಲ್ಲಿಯೂ ಇಲ್ಲ. ಸಿಟ್ಟಿನಿಂದ ಹೇಳುತ್ತಿಲ್ಲ. ಈ ಸಂಗತಿಯನ್ನು ನಿನಗೆ ನಾನೂ ಇದುವರೆಗೆ ಹೇಳಿರಲಿಲ್ಲ.

ಸುರತ್ಕಲ್ ಸ್ಟೇಷನ್ನಿನ ಕಡೆ ಹೋದಾಗ ನೋಡು, ಪಣಂಬೂರಿನ ಬಂದರಿನಿಂದ ಪಡುಬಿದ್ರಿ ಕಡೆಯ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲಿನ ಗಾಡಿ ಹೋಗುತ್ತದೆ. ನಮ್ಮ ಕಾಲದಲ್ಲಿ ಇಂಜಿನ್ ಕಲ್ಲಿದ್ದಲು ತಿನ್ನುತ್ತಿತ್ತು, ಈಗ ಹೊರುತ್ತದೆ. ಬಂದರಿನಲ್ಲಿ ಅದನ್ನು ಹೇಗೆ ತುಂಬಿಸುತ್ತಾರೆ ಎಂದು ಅನುಮತಿ ಪಡೆದು ನೋಡಿ ಬಾ. ಪುಸ್ತಕಕ್ಕಿಂತ ಅದು ಬೇಗ ಅರ್ಥವಾಗುತ್ತದೆ.

ಭಾನುವಾರ ಮನೆಗೆ ಬಾ. ನಾನು ಫೈರ್‌ಮನ್ ಆಗಿ ಇಂಜಿನ್ನಿನ ಒಲೆಗೆ ಕಲ್ಲಿದ್ದಲು ಹಾಕುತ್ತಿದ್ದ ಕಾಲದ ಸಲಿಕೆಯಲ್ಲಿ ನಿನ್ನ ಅಜ್ಜಿ ಈಗ ಬಚ್ಚಲೊಲೆಯ ಬೂದಿ ತೆಗೆಯುತ್ತಾಳೆ. ಅಂಗಳದ ಒದ್ದೆ ಮರಳನ್ನು ಹೆಡಿಗೆಗೆ ತುಂಬಿಸಿ ತೂಕ ಮಾಡೋಣ. ಆಮೇಲೆ ಅದನ್ನು ನೀನೇ ಹೊತ್ತು ಜಗಲಿಯ ಮೆಟ್ಟಿಲು ಹತ್ತು. ಸಿಂಬೆ ಸುತ್ತುವುದನ್ನು ಅಜ್ಜಿ ತೋರಿಸುತ್ತಾಳೆ.

ಇತಿ,
ನಿನ್ನ ಅಜ್ಜ